ಉದಯಕುಮಾರನ ಮಾನಹಾನಿ ಕಡತ

"ಮೆಟ್ಟಿಲು ಗುಡಿಸೋ ವಾರ ನಿಂದು ಕಣೋ! ಕಸಬರಿಕೆ ಹಿಡಿಯಕ್ಕೆ ಬಾರದ ಕೋಣಂಗೆ ಜರ್ಮನ್ ಪಾಸ್‌ಪೋರ್ಟ್ ಬೇರೆ ಕೇಡು!"

ಮೂರನೇ ಮಹಡಿಯ ದ್ವಾರಕನಾಥರು ಮೆಟ್ಟಿಲ ಮೇಲಿಂದ ಹೀಗೆ ಬೈದಾಗ, ಕೆಳಗೆ ನಿಂತಿದ್ದ ರಚನಾ, ಗಿರಿಧರ್ ದಂಪತಿ ಕಿಸಕ್ಕನೆ ನಕ್ಕರು. ಒಂದು ತಿಂಗಳ ರಜೆ ಮುಗಿಸಿ ಹುಬ್ಬಳ್ಳಿಯಿಂದ ಹಿಂದಿನ ದಿನವಷ್ಟೇ ಜರ್ಮನಿಯ ಸಿಂಡೆಲ್‌ಫಿಂಗೆನ್‌ಗೆ ಮರಳಿದ್ದ ಉದಯಕುಮಾರನಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ತಿಂಗಳು ಪೌರತ್ವ ಕೈಸೇರುವುದಿತ್ತು. ಈ ಮುದುಕ ಅದಕ್ಕೇ ಕಣ್ಣು ಹಾಕಿದ್ದ. ಕಿವಿಯ ಇಯರ್‌ಫೋನ್ ಕೂಡ ಕೀಳದೆ, ಕೈ ಬೀಸಿ ಬಾಯಿಗೆ ಬಂದದ್ದೆಲ್ಲ ಬೈದ. ಚಳಿಗೆ ಅವನ ಮಾತೆಲ್ಲ ಹಬೆಯಾಗಿ ಹೊರಟಿತು. ದ್ವಾರಕನಾಥರ ಬಾಯಿಂದ ಮಾತ್ರ ಹಬೆಯೇ ಬರಲಿಲ್ಲ.

ಬೈಯುವುದು ಈ ದೇಶದಲ್ಲಿ ಕ್ರಿಮಿನಲ್ ಅಪರಾಧ. ಉದಯಕುಮಾರ ಅಂದೇ ಪೊಲೀಸರಿಗೆ ಮೂರು ಪುಟದ ದೂರು ಕುಟ್ಟಿದ. ಮುದುಕ ಸುಳ್ಳ, ಜಿಪುಣ, ಹೆಂಡತಿಯನ್ನು ಗೋಳಾಡಿಸಿದವ ಎಂದು ಸೇರಿಸಿ, ತಿಂಗಳಿಂದ ತೆರೆಯದ ಕಟ್ಟಡದ ವಾಟ್ಸಾಪ್ ಗುಂಪಿಗೂ ಹಿಂದಿನದೇನೂ ಓದದೆ ಹಾಕಿದ. ಗುಂಪು ಸುಡುಗಾಡಿನಂತೆ ತಣ್ಣಗಿತ್ತು.

ಮೊದಲ ಪತ್ರ ಬಂತು: ದೂರು ತಲುಪಿದೆ, ಕಡತ ಸಂಖ್ಯೆ ನೆನಪಿಡಿ. ಅದನ್ನವನು ಲಗ್ನಪತ್ರಿಕೆಯಂತೆ ಫ್ರಿಜ್ಜಿಗೆ ಅಂಟಿಸಿದ.

ಎರಡನೆಯದು: "ನೀವು ಹೇಳಿದ ದಿನಕ್ಕಿಂತ ಹತ್ತೊಂಬತ್ತು ದಿನ ಮೊದಲೇ ಆರೋಪಿ ಮೃತಪಟ್ಟಿದ್ದಾರೆ. ಬೈದ ದಿನಾಂಕವನ್ನು ಸರಿಪಡಿಸಿ ಎರಡು ವಾರದೊಳಗೆ ತಿಳಿಸಿ."

ಉದಯಕುಮಾರ ರಚನಾಳ ಬಾಗಿಲಿಗೆ ಓಡಿದ.

"ಮೇಡಂ, ಅವತ್ತ ಅವರು ನನಗ ಬೈದದ್ದು ನೀವು ಕೇಳೀರಿಲ್ಲೋ? ನಕ್ಕಿರಿ ಬ್ಯಾರೆ!"

"ಯಾರು ಬೈದಿದ್ದು? ನೀವೇ ಖಾಲಿ ಮೆಟ್ಟಿಲಿಗೆ ಕೈ ಬೀಸ್ತಿದ್ರಿ. ಫೋನಲ್ಲಿ ಊರಿನೋರ ಜೊತೆ ಜಗಳ ಅನ್ಕೊಂಡು ನಕ್ವಿ." ಅವಳು ಬಾಗಿಲನ್ನು ಅರ್ಧ ಮುಚ್ಚಿದಳು. "ಆದ್ರೂ ಸರ್, ಸತ್ತೋರ ಮೇಲೆ ಹಾಗೆಲ್ಲ ಬರೀತಾರಾ? ಪ್ರೇಮಕುಮಾರಿ ಆಂಟಿ ಗಂಡನ್ನ ನೆನೆದು ಎಷ್ಟು ಅತ್ರು ಗೊತ್ತಾ?"

ಮೂರನೆಯದು ಕೋರ್ಟಿನವರು ಕಳಿಸುವ ಹಳದಿ ಲಕೋಟೆ. ರಚನಾ, ಗಿರಿಧರ್ ಇಬ್ಬರೂ ನೋಡುತ್ತಿದ್ದಂತೆಯೇ ಟಪಾಲು ಪೆಟ್ಟಿಗೆಯ ಮುಂದೆ ಅದನ್ನು ಒಡೆದ. ಮೃತರ ಸ್ಮರಣೆಗೆ ಕಳಂಕ ತಂದ ಪ್ರಕರಣ. ದೂರುದಾರಳು ಪ್ರೇಮಕುಮಾರಿ. ಆರೋಪಿ ಉದಯಕುಮಾರ. ಪ್ರಕರಣ ಮುಗಿಯುವತನಕ ಪೌರತ್ವದ ಅರ್ಜಿಗೆ ತಡೆ. ದ್ವಾರಕನಾಥರು ಬೈದದ್ದು ನಿಜವೆನ್ನಲು ಸಾಕ್ಷಿಯಿದ್ದರೆ ಹೆಸರು, ವಿಳಾಸ ಬರೆಯಬೇಕು.

ಕತ್ತಿನ ಹಿಂದೆ ಫ್ರಿಜ್ಜಿನ ಬಾಗಿಲು ತೆರೆದಂತೆ ತಣ್ಣಗಾಯಿತು.

"ನನ್ ಹೆಸರು ಬರ್ಕೊಳಪ್ಪ," ಎಂದರು ದ್ವಾರಕನಾಥರು. "ಬೈದಿದ್ದು ನಾನೇ ಅಂತ ಕೋರ್ಟಿಗೆ ಬಂದು ಹೇಳ್ತೀನಿ. ವಿಳಾಸ ಮಾತ್ರ ಬದಲಾಗಿದೆ."

ಗಿರಿಧರ್ ಅವನನ್ನೇ ನೋಡುತ್ತಿದ್ದ. ಮತ್ತೆ ಗಾಳಿಗೆ ಬೈಯುತ್ತಾನೇನೋ ಎಂದು ರಚನಾ ಮೊಬೈಲ್ ಎತ್ತಿ ವಿಡಿಯೊಗೆ ಸಿದ್ಧಳಾದಳು. ಉದಯಕುಮಾರ ಪತ್ರವನ್ನು ಮಡಚಿ ಜೇಬಿಗಿಟ್ಟ. ತುಟಿ ಪಿಟಕ್ಕೆನ್ನದೆ ಬೀದಿಗಿಳಿದು ನಡೆದುಬಿಟ್ಟ.