ಎಂ.ಎ. ಇಂಗ್ಲಿಷು ಮತ್ತು ಅತ್ತೆಯ ತೆಂಗಿನಮರ

ಇಂಗ್ಲಿಷ್ ಎಂಬುದು ಒಂದೇ ಒಂದು ಭಾಷೆ, ಅದು ನನಗೆ ಬರುತ್ತದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ನನಗೆ ಕಲಿಸಿದ ಮೇಷ್ಟ್ರಿಗೆ ಹಾಸನದ ಇನ್ನೊಬ್ಬ ಮೇಷ್ಟ್ರು ಕಲಿಸಿದ್ದರು. ಅವರಿಗೆ ಯಾರು ಕಲಿಸಿದರೋ ತಿಳಿಯದು, ಆದರೆ ಆ ಸಾಲಿನಲ್ಲಿ ಎಲ್ಲಿಯೂ ಒಬ್ಬ ಇಂಗ್ಲಿಷಿನವನು ನುಸುಳಿದಂತೆ ಕಾಣೆ. ಹೀಗಾಗಿ ನಮ್ಮ ಇಂಗ್ಲಿಷು ಹೊರಗಿನ ಗಾಳಿ ಸೋಕದೆ ಶುದ್ಧವಾಗಿ ಉಳಿದಿತ್ತು. ‘ಇಸ್ಕೂಲು’ ಎಂದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮಾತಾಡುವುದಕ್ಕೆ ಎದುರಿಗೆ ಯಾರೂ ಇಲ್ಲದಿದ್ದರೆ ಯಾವ ಭಾಷೆಯನ್ನಾದರೂ ನಿರರ್ಗಳವಾಗಿ ಬಲ್ಲೆವು ಎಂಬುದು ಆಗ ಹೊಳೆದಿರಲಿಲ್ಲ.

ನನ್ನ ಮದುವೆಯೂ ಈ ಇಂಗ್ಲಿಷಿನಿಂದಲೇ ಆದದ್ದು. ಮಾವ ಸಿದ್ದಲಿಂಗಪ್ಪನವರದು ಕೆಂಕೆರೆಯಲ್ಲಿ ತೆಂಗಿನ ತೋಟ. ಹುಳಿಯಾರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮಗನ ಸಂಬಂಧ ಕೈಗೆ ಬಂದಿದ್ದಾಗ ಅದನ್ನು ಬಿಟ್ಟು, “ಕೊಬ್ಬರಿ ನಮ್ಮನೇಲೂ ಐತೆ, ಇಂಗ್ಲಿಷ್ ಎಲ್ಲೈತೆ?” ಎಂದು ನನಗೆ ಮಗಳನ್ನು ಕೊಟ್ಟರು. ಮುಂದೆ ಅವರ ಮನೆಗೆ ಬಂದ ಪ್ರತಿ ಸರ್ಕಾರಿ ಕಾಗದವನ್ನೂ ನಾನು ಓದಿ ಹೇಳುತ್ತಿದ್ದೆ. ಕಾಗದಗಳು ಎದುರು ಮಾತಾಡುವುದಿಲ್ಲವಾದ್ದರಿಂದ ಏಳೆಂಟು ವರ್ಷ ನನ್ನ ಮರ್ಯಾದೆಗೆ ಕುಂದು ಬರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆಯ ತೋಟಗಳಿಗೆ ಸುಳಿ ಕೊರೆಯುವ ದುಂಬಿಯ ಕಾಟ ಹತ್ತಿತು. ಅದನ್ನು ನೋಡಲು ಸ್ಕಾಟ್ಲೆಂಡಿನ ಒಬ್ಬ ತಜ್ಞರು ಬರುತ್ತಾರೆ, ಮಾವನ ತೋಟಕ್ಕೂ ಬರುತ್ತಾರೆ ಎಂದು ಸುದ್ದಿಯಾಯಿತು. ಜೊತೆಗೆ ಬರಬೇಕಾಗಿದ್ದ ಅಧಿಕಾರಿಗೆ ಅಂದೇ ಬೇರೆ ಕೆಲಸ ಬಿತ್ತು. ಜೀಪಿನಲ್ಲಿ ಡ್ರೈವರ್ ಮತ್ತು ಸಾಹೇಬರು ಇಬ್ಬರೇ ಬಂದಿಳಿದರು. ಆರಡಿ ಎತ್ತರ, ಬಿಸಿಲಿಗೆ ಕೆಂಡವಾದ ಮೂಗು, ಮಣ್ಣು ಮೆತ್ತಿದ ಬೂಟು. ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಮುಂದೆ ನಿಂತಿದ್ದೆ.

“ದಿ ಆಫೀಸರ್ ಈಸ್ ಔಟ್ ಆಫ್ ಸ್ಟೇಷನ್, ಸರ್” ಎಂದು ಶುರುಮಾಡಿದೆ. ಅವರು ಕಣ್ಣು ಕಿರಿದು ಮಾಡಿ ಏನೋ ಕೇಳಿದರು. ಮೂರನೆಯ ಸಲಕ್ಕೆ ತಿಳಿಯಿತು: ಆಫೀಸರು ತಿಪಟೂರು ರೈಲ್ವೆ ಸ್ಟೇಷನ್ನಿನಿಂದ ಹೊರಟಿದ್ದರೆ ಇಲ್ಲಿಗೆ ತಲುಪಲು ಎಷ್ಟು ಹೊತ್ತಾಗುತ್ತದೆ ಎಂದು ಅವರ ಪ್ರಶ್ನೆ. ಊರಲ್ಲಿಲ್ಲ ಎನ್ನುವುದಕ್ಕೆ ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು ಇಂಗ್ಲಿಷಿನಲ್ಲಿ ಇಲ್ಲವೇ ಎಂದು ಬೆಚ್ಚಿದೆ.

ಆಮೇಲೆ ಅವರು ಮಾತಾಡುತ್ತಾ ನಡೆದರು. ಅದು ಇಂಗ್ಲಿಷಿನಂತೆ ಇತ್ತು, ಆದರೆ ಗೊತ್ತಿರುವ ಪದ ಕೈಗೆ ಸಿಗುವಷ್ಟರಲ್ಲಿ ಮುಂದಿನದು ಉರುಳಿಬರುತ್ತಿತ್ತು. ಪ್ರತಿ ಮಾತಿನ ಕೊನೆಗೆ “ಯೂ ಕೆನ್?” ಎನ್ನುತ್ತಿದ್ದರು. ನಿನ್ನಿಂದ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ನಾನೂ ಪ್ರತಿ ಸಲ “ಎಸ್ ಸರ್, ಐ ಕ್ಯಾನ್” ಎಂದು ಧೈರ್ಯ ಕೊಟ್ಟೆ. ಅವರು ಕೇಳುತ್ತಿದ್ದುದು ‘ತಿಳಿಯಿತೇ’ ಎಂದು. ತಿಳಿದಿರಲಿಲ್ಲ.

“ಏನಂತಾರೆ ಅಳಿಯಂದಿರೆ?” ಎಂದು ಮಾವ ಹಿಂದಿನಿಂದ ಕೇಳುತ್ತಲೇ ಇದ್ದರು.

“ತೋಟ ಚೆನ್ನಾಗಿದೆಯಂತೆ” ಎಂದೆ. ಮೂರು ಸಲ ಅದನ್ನೇ ಹೇಳಿದೆ.

“ಅಷ್ಟುದ್ದ ಮಾತಾಡಿದ್ರಲ್ಲ, ಬರೀ ಅಷ್ಟೇಯಾ?”

“ಇಂಗ್ಲಿಷಿನಲ್ಲಿ ಹಾಗೇ, ಸ್ವಲ್ಪ ಉದ್ದ.”

ಬಾವಿಯ ಪಕ್ಕದ ಮರದ ಹತ್ತಿರ ಅವರು ನಿಂತರು. ನನ್ನ ಹೆಂಡತಿ ಹುಟ್ಟಿದ ವರ್ಷ ಅತ್ತೆ ಪಾರ್ವತಮ್ಮನವರು ಕೈಯಾರೆ ನೆಟ್ಟ ಮರ ಅದು. ದುಂಬಿ ಸುಳಿಯನ್ನು ಕತ್ತರಿಸಿ ಗರಿಗಳೆಲ್ಲ ಚಿಂದಿಯಾಗಿದ್ದವು. ಸಾಹೇಬರು ಮೇಲೆ ನೋಡಿ, ಬೊಡ್ಡೆಯ ಮೇಲೆ ಕೈಯಾಡಿಸುತ್ತಾ ಹೇಳಿದ ಮಾತು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು: “ಡಿನ್ನ ಕಟ್ ದಿಸ್ ಟ್ರೀ.”

ಬೆಳಗಿನಿಂದ ಪೂರ್ತಿ ಅರ್ಥವಾದ ಮೊದಲ ವಾಕ್ಯ! ಎದೆಯುಬ್ಬಿಸಿ ಹೇಳಿದೆ: “ಮೊದಲು ಊಟ ಆಗಬೇಕಂತೆ. ಆಮೇಲೆ ಈ ಮರ ಕಡಿಯಬೇಕಂತೆ.” ‘ಡಿನ್ನರ್’ ಎಂದರೆ ರಾತ್ರಿಯದಲ್ಲವೇ ಎಂದು ಡ್ರೈವರ್ ಗೊಣಗಿದ. ಆ ಕಡೆ ಕೆಲವು ಸೀಮೆಗಳಲ್ಲಿ ಮಧ್ಯಾಹ್ನದ ಊಟಕ್ಕೂ ಹಾಗೆನ್ನುತ್ತಾರೆ ಎಂದು ಅವನಿಗೆ ಪಾಠ ಹೇಳಿದೆ. ಅದು ನಿಜವೂ ಹೌದು. ನನ್ನ ವಿದ್ಯೆಯೆಲ್ಲ ಹೀಗೆ ನಿಜವಾಗಿದ್ದು ಉಪಯೋಗಕ್ಕೆ ಬಾರದ್ದು.

ಅತ್ತೆಯ ಮುಖ ಕಪ್ಪಿಟ್ಟಿತು. “ಮರ ಕಡೀಬೇಕಾ? ಇನ್ನೂ ಜೀವ ಐತಲ್ರೀ” ಎಂದರು ಮಾವನಿಗೆ.

“ದೊಡ್ಡ ತಜ್ಞರು ಕಣೇ, ಅಷ್ಟು ದೂರದಿಂದ ಬಂದು ಸುಳ್ಳು ಹೇಳ್ತಾರಾ? ಇದರ ಹುಳ ಬೇರೆದಕ್ಕೆ ಹತ್ತಿದ್ರೆ ತೋಟಾನೇ ಹೋಯ್ತು” ಎಂದ ಮಾವನ ದನಿಯೂ ಬಿದ್ದಿತ್ತು. ಅತ್ತೆ ಒಳಗೆ ಹೋಗಿ ಮುದ್ದೆ ತೊಳಸಿದರು. ಊಟಕ್ಕೆ ಕರೆದಾಗ ಸಾಹೇಬರಿಗೆ ಆಶ್ಚರ್ಯವಾದರೂ ಕೂತರು. ಅವರೆಕಾಳಿನ ಸಾರಿನಲ್ಲಿ ಎರಡು ಮುದ್ದೆ ಮುಗಿಸಿದರು.

ಕೈತೊಳೆದು ಜೀಪಿನ ಕಡೆ ಹೊರಟಾಗ ಬಾವಿಯ ಹತ್ತಿರದಿಂದ ಕೊಡಲಿಯ ಮೊದಲ ಏಟು ಕೇಳಿಸಿತು. ಆಳು ಕರಿಯಣ್ಣ ಆಗಲೇ ಶುರುಮಾಡಿದ್ದ. ಸಾಹೇಬರು ಬೂಟಿನ ಲೇಸು ಕಟ್ಟದೆ ಓಡಿಹೋಗಿ ಮರವನ್ನು ತಬ್ಬಿ ನಿಂತರು, “ಡಿನ್ನ! ಡಿನ್ನ!” ಎಂದು ಕೂಗುತ್ತಾ.

ಮಾವ ಗಾಬರಿಯಾಗಿ ನನ್ನ ಕಡೆ ನೋಡಿದರು. “ಈಗ ಇನ್ನೇನಂತೆ?”

“ಮತ್ತೆ ಊಟ ಕೇಳುತ್ತಿದ್ದಾರೆ” ಎಂದೆ. ಹೇಳುವಾಗಲೇ ನನಗೂ ಅನುಮಾನ ಬಂದಿತ್ತು. ಆದರೆ ಇಪ್ಪತ್ತು ಜನರ ಎದುರು ಬೇರೆ ಅರ್ಥ ಎಲ್ಲಿಂದ ತರಲಿ?

ಅಷ್ಟರಲ್ಲಿ ಅತ್ತೆ ಹೋಗಿ ಸಾಹೇಬರ ಪಕ್ಕದಲ್ಲಿ, ಕೊಡಲಿಗೆ ಅಡ್ಡಲಾಗಿ ನಿಂತುಬಿಟ್ಟರು. “ಲೇ ಕರಿಯ, ಬುಡು ಕೊಡ್ಲಿನ! ಊಟ ಕೇಳೋರು ಮರ ತಬ್ಕೊಂಡು ಕೇಳ್ತಾರಾ? ಆಗಲೂ ಮರಾನ ಸವರ್ತಾ ಮಾತಾಡಿದ್ರು. ಕಡೀಬೇಕು ಅನ್ನೋರು ಸವರ್ತಾರಾ? ಅಳಿಯಂದಿರೆ, ಇನ್ನೊಂದ್ಸಲಿ ಸರಿಯಾಗಿ ಕೇಳಿ!”

ಕೇಳುವ ಧೈರ್ಯವಾಗಲಿಲ್ಲ. ಜೇಬಿನಿಂದ ಪೆನ್ನು, ಕಾಗದ ತೆಗೆದು ಕೊಟ್ಟೆ. ಅವರು ಬರೆದದ್ದು ನಮ್ಮ ಪಠ್ಯಪುಸ್ತಕದಂಥ ಇಂಗ್ಲಿಷು: ಈ ಮರ ಕಡಿಯಬೇಡಿ. ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಕಿತ್ತು, ಸುಳಿಯ ಬುಡಕ್ಕೆ ಮರಳು, ಬೇವಿನ ಹಿಂಡಿ ಹಾಕಿ. ಬದುಕುತ್ತದೆ.

ಅವರ ಸೀಮೆಯ ಇಂಗ್ಲಿಷಿನಲ್ಲಿ ‘ಡಿನ್ನ’ ಎಂದರೆ ‘ಬೇಡ’ ಎಂದು ಆಗ ತಿಳಿಯಿತು. ಓದಿ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ಅತ್ತೆ ಕೊಡಲಿ ಬಿದ್ದ ಗಾಯಕ್ಕೆ ಸಗಣಿ ಮೆತ್ತುತ್ತಾ, “ಬೇವಿನ ಹಿಂಡಿ ನಾನೂ ಹೇಳಿದ್ನಲ್ಲ ಹೋದ ತಿಂಗಳು, ಯಾರು ಕೇಳಿದ್ರಿ?” ಎಂದರು ಮಾವನಿಗೆ. ಅದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಆದರೆ ಅವರು ಸಗಣಿ ಮೆತ್ತಿದ ಗಾಯ ನೋಡಿ ತಲೆದೂಗಿ, ಅತ್ತೆಗೆ ಕೈ ಮುಗಿದರು.

ಮರ ಉಳಿಯಿತು. ಎರಡು ವರ್ಷಕ್ಕೆ ಹೊಸ ಸುಳಿ ಬಿಟ್ಟು ಮತ್ತೆ ಕಾಯಿ ಕಟ್ಟಿತು. ಅದನ್ನು ನೋಡಲು ಫಿಲಿಪೈನ್ಸಿನ ತಜ್ಞೆಯೊಬ್ಬರು ಬರುತ್ತಾರೆಂದು ಗೊತ್ತಾದಾಗ ಮಾವ ನನಗೆ ಕಾರ್ಡು ಬರೆದರು: “ನಿಮ್ಮ ಅತ್ತೆಯವರು ಇದ್ದಾರೆ. ತಾವು ರಜಾ ಹಾಕಿ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.” ಆದರೂ ರಜಾ ಹಾಕಿ ಹೋದೆ. ಅತ್ತೆ ಕನ್ನಡದಲ್ಲಿ, ಆಕೆ ತಮ್ಮ ಇಂಗ್ಲಿಷಿನಲ್ಲಿ, ಮರ ಮುಟ್ಟಿ ಗರಿ ಬಿಡಿಸಿ ಗಂಟೆಗಟ್ಟಲೆ ಮಾತಾಡಿಕೊಂಡರು. ನಾನು ಹಿಂದೆ ಹಿಂದೆ ನಡೆದೆ. ಒಂದೇ ಒಂದು ಸಲ ಆಕೆ ನನ್ನತ್ತ ತಿರುಗಿ ಏನೋ ಕೇಳಿದರು. ನಾನು “ಪಾರ್ಡನ್?” ಎಂದೆ. ಆಕೆ ಮತ್ತೆ ಹೇಳಿದರು. ನಾನು ಮತ್ತೆ “ಪಾರ್ಡನ್?” ಎಂದೆ.

“ಕುಡಿಯೋಕೆ ನೀರು ಕೇಳ್ತಾವ್ರೆ, ಅಳಿಯಂದಿರೆ” ಎಂದರು ಅತ್ತೆ, ತಿರುಗಿಯೂ ನೋಡದೆ.

ಹೋಗಿ ತಂದುಕೊಟ್ಟೆ.