ಅರುಂಧತಿಯ ಜಾಗದಲ್ಲಿ ಓಡುವ ಚುಕ್ಕಿ ಕಂಡಲ್ಲಿ ಅನುಸರಿಸತಕ್ಕ ಕ್ರಮ

ಸಂಖ್ಯೆ: ಆವಗು/ಕೆಳಕಕ್ಷೆ/ಮದುವೆ/7

ವಿಷಯ: ಚಾಮರಾಜಪೇಟೆಯ ಕಲ್ಯಾಣಮಂಟಪದ ತಾರಸಿಯಿಂದ ಕಂಡ ಉಪಗ್ರಹ ಅಥವಾ ಬಾಹ್ಯಾಕಾಶ ಕಸವನ್ನು ಗುರುತಿಸುವ ಬಗ್ಗೆ.

ಉಲ್ಲೇಖ: ವರನ ತಾಯಿ ಶ್ರೀಮತಿ ಲಕ್ಷ್ಮೀದೇವಮ್ಮನವರ ಮೌಖಿಕ ದೂರು (ಬೀದಿಗೆಲ್ಲ ಕೇಳಿಸಿದ್ದು).

ಕಳೆದ ಭಾನುವಾರ ಗೋಧೂಳಿ ಲಗ್ನ ಮುಗಿದು ಪುರೋಹಿತರು ಅರುಂಧತಿ ನಕ್ಷತ್ರ ತೋರಿಸಿದಾಗ, ವಧು ಯಶಶ್ರೀ ಅವರು ವಾಡಿಕೆಯಂತೆ ಕೈಮುಗಿದು ಸುಮ್ಮನಾಗದೆ, ನಿಜವಾಗಿಯೂ ಮೇಲೆ ನೋಡಿ, "ಅತ್ತೆ, ಅದು ಓಡ್ತಾ ಇದೆ" ಎಂದಿರುತ್ತಾರೆ. "ಅರುಂಧತೀನೇ ಓಡಿದ್ರೆ ಇವಳು ನಮ್ಮನೇಲಿ ನಿಲ್ತಾಳೇನ್ರೀ?" ಎಂದ ಲಕ್ಷ್ಮೀದೇವಮ್ಮನವರು, ಓಡಿದ್ದು ಏನೆಂದು ತಿಳಿಯುವವರೆಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳದೆ, ಬಸವನಗುಡಿಯ ತಮ್ಮ ಮನೆಯ ಜಗುಲಿಯಲ್ಲೇ ಕೂರಿಸಿರುತ್ತಾರೆ. ಆದಕಾರಣ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಕೆಂಪು ದೀಪ ಮಿಟುಕಿಸಿದರೆ ವಿಮಾನ. ಮಿಟುಕಿಸದೆ ಒಂದೇ ಸಮನೆ ಸಾಗಿದರೆ ಉಪಗ್ರಹ. ಉರುಳಾಡುತ್ತ ಒಮ್ಮೆ ಹೊಳೆದು ಒಮ್ಮೆ ಮಂಕಾದರೆ, ಕೆಲಸ ಮುಗಿದ ರಾಕೆಟ್ಟಿನ ತುಂಡು. ಇದಕ್ಕಾಗಿ ತಲೆ ಎತ್ತುವುದು ಅನಿವಾರ್ಯವಾದಲ್ಲಿ ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು.

2. ರಾಕೆಟ್ಟಿನ ತುಂಡಾದಲ್ಲಿ ಹಸಿ ಕಸವೋ ಒಣ ಕಸವೋ ನಮೂದಿಸತಕ್ಕದ್ದು. ಬೆರೆಸಿದ್ದನ್ನು ಕಸದ ಆಟೋದವರು ಮುಟ್ಟುವುದಿಲ್ಲ.

3. ಮುಹೂರ್ತದ ವೇಳೆ ಕಲ್ಯಾಣಮಂಟಪಗಳ ಮೇಲೆ ಹಾಯುವ ಉಪಗ್ರಹಗಳು ಕನ್ನಡದಲ್ಲಿ, ತಾರಸಿಯಿಂದ ಓದಲು ಬರುವಷ್ಟು ದಪ್ಪ ಅಕ್ಷರದ ನಾಮಫಲಕ ಹಾಕಿರತಕ್ಕದ್ದು. ಬೇರೆ ಭಾಷೆಯ ಫಲಕಗಳನ್ನು ಕೀಳಲಾಗುವುದು; ಅದಕ್ಕೆ ಬೇಕಾದ ಏಣಿಗೆ ಟೆಂಡರ್ ಕರೆಯಲಾಗಿದೆ.

4. ಚುಕ್ಕಿಯು ಖುದ್ದಾಗಿ ಹಾಜರಾಗತಕ್ಕದ್ದು. ಅದು ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತಿ ಬರುವುದರಿಂದ, ಊಟದ ಹೊತ್ತಿಗೆ ಬಂದರೆ ಇನ್ನೊಂದು ಸುತ್ತು ಹೋಗಿ ಬರಲು ಹೇಳುವುದು.

5. ವರ ಸ್ವರೂಪ್ ಅವರು ಮೊಬೈಲಿನಿಂದ ಕಣ್ಣೆತ್ತದೆ "ಹ್ಞೂ, ಕಾಣ್ತು ಕಾಣ್ತು" ಎಂದಿರುವುದು ದೃಢಪಟ್ಟಿದೆ. ಇದು ತಲೆತಲಾಂತರದ ಪದ್ಧತಿಯಾದ್ದರಿಂದ ಆಕ್ಷೇಪಣೆ ಇರುವುದಿಲ್ಲ. ನಡುಹಗಲಲ್ಲಿ ಮದುವೆಯಾಗಿ ಅರುಂಧತಿಯನ್ನು ಕಂಡ ಲಕ್ಷ್ಮೀದೇವಮ್ಮನವರಿಗೂ, ಇತರ ಸಮಸ್ತ ಹಿರಿಯರಿಗೂ ಇದೇ ರಿಯಾಯಿತಿ ಅನ್ವಯಿಸುತ್ತದೆ. ನಿಜವಾಗಿ ನೋಡಿದವರ ಮೇಲೆ ಮಾತ್ರ ವಿಚಾರಣೆ.

6. ವಿಚಾರಣೆ ಮುಗಿಯುವವರೆಗೆ ವಧು ಜಗುಲಿಯಲ್ಲಿ ಯಥಾಸ್ಥಿತಿ ಕಾಪಾಡತಕ್ಕದ್ದು. ಕಾಫಿ ಹೊರಗೆ ಬರಬಹುದು. ವಧು ಒಳಗೆ ಹೋಗುವಂತಿಲ್ಲ.

ಸಹಿ/-
(ನಾಗಭೂಷಣ್)
ಪ್ರಭಾರ ಅಧಿಕಾರಿ, ಆಕಾಶವಸ್ತು ಗುರುತು ವಿಭಾಗ, ನೆಲಮಾಳಿಗೆ

ಪ್ರತಿಗಳು:

ಸದರಿ ಚುಕ್ಕಿಗೆ – ವಿಳಾಸದಲ್ಲಿ ನಿಲ್ಲದ ಕಾರಣ ವಾಪಸಾಗಿದೆ.

ಯಶಶ್ರೀ ಅವರಿಗೆ – ಜಗುಲಿಯಲ್ಲಿ ಸಿಗಲಿಲ್ಲ. "ಓಡಿದ್ದು ಅದು ಅತ್ತೆ, ನಾನಲ್ಲ" ಎಂದು ಹೊಸಿಲ ಮೇಲಿನ ಸೇರಕ್ಕಿಯನ್ನು ತಾವೇ ಒದ್ದು ಒಳಗೆ ಹೋಗಿರುತ್ತಾರೆ.

ಲಕ್ಷ್ಮೀದೇವಮ್ಮನವರಿಗೆ – ಸಂಜೆ ಸೊಸೆಯ ಭುಜ ಹಿಡಿದು ತಾರಸಿಯ ಮೇಲೆ ಅರುಂಧತಿಯನ್ನು ನೋಡುತ್ತಿದ್ದರು. "ನನ್ ಮದ್ವೇಲಿ ನಾನು ಕಾಣ್ತು ಅಂದಿದ್ದು ಇದನ್ನೇನೇ?" ಎಂದು ಕೇಳುತ್ತಿದ್ದು, ಪತ್ರ ಪಡೆಯಲು ಕತ್ತು ಇಳಿಸಿರುವುದಿಲ್ಲ.