ನನ್ನ ಊರುಗೋಲಿಗೆ ಸೊಂಡಿಲು ಬಂದದ್ದು

ಬೆನ್ನು ನೆಟ್ಟಗಿಟ್ಟುಕೊಳ್ಳುವುದು ಹೇಗೆಂದು ಡ್ರಿಲ್ ಮಾಸ್ತರನಿಗೆ ಯಾರೂ ಕಲಿಸಬೇಕಾಗಿಲ್ಲ. ಶಿರಸಿಯ ಹೈಸ್ಕೂಲೊಂದರ ಮೈದಾನದಲ್ಲಿ "ಎದೆ ಮುಂದೆ! ಹೆಗಲು ಹಿಂದೆ! ಬೆನ್ನು ನೆಟ್ಟಗೆ!" ಎಂದು ಅರಚುತ್ತಲೇ ತಲೆ ಹಣ್ಣಾದವನು ನಾನು. ನನ್ನ ಸೀಟಿಯ ಸದ್ದಿಗೆ ಪಕ್ಕದ ರಸ್ತೆಯ ದನಗಳೂ ಸಾಲು ಹಿಡಿದು ಹೋಗುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನಾನು ನಂಬಿದ್ದೆ, ಅಷ್ಟು ಸಾಕು. ಇಂಥವನಿಗೆ ಒಂದು ಊರುಗೋಲು ಆರಿಸಿಕೊಳ್ಳುವುದು ಯಾವ ಮಹಾ ಕೆಲಸ!

ಊರುಗೋಲು ಬೇಕಾದದ್ದು ಉದ್ದಜಿಗಿತದಿಂದ. ಹುಡುಗರು ಜಿಗಿಯುವ ಚಂದ ನೋಡಲಾಗದೆ, "ಕಪ್ಪೆಗಳಾ, ಜಿಗಿಯೋದು ಅಂದ್ರೆ ಹೀಗೆ!" ಎಂದು ಓಡಿಬಂದು ಹಾರಿದೆ. ಹಾರಿದ್ದು ಅತ್ಯುತ್ತಮವಾಗಿತ್ತು. ಇಳಿದದ್ದು ಮಾತ್ರ ಮರಳಿನ ಹೊಂಡದ ಆಚೆ! ಎಡತೊಡೆಯ ಮೂಳೆ ಮುರಿಯಿತು. ಹುಡುಗರು ಇದೂ ಪಾಠದ ಭಾಗವೆಂದು ತಿಳಿದು ಚಪ್ಪಾಳೆ ಹೊಡೆದರು. ಹುಬ್ಬಳ್ಳಿಯಲ್ಲಿ ಕಾಲಿನೊಳಗೆ ಸರಳು ಕೂರಿಸಿಕೊಂಡು ಮನೆಗೆ ಬಂದು ಮಂಚ ಹಿಡಿದೆ.

ಮಲಗಿದವನಿಗೆ ಕಾಲಿನ ನೋವಿಗಿಂತ ಸಂಜೆಯ ನೋವು ಹೆಚ್ಚಾಯಿತು. ನಮ್ಮ ಓಣಿಯ ಕೊನೆಗೆ ಒಂದು ಕೆರೆಯಿದೆ. ನನ್ನ ಹೆಂಡತಿ ಸಾವಿತ್ರಿಗೆ ಸಕ್ಕರೆ ಕಾಯಿಲೆ ಬಂದಂದಿನಿಂದ ದಿನವೂ ಸಂಜೆ ನಾವಿಬ್ಬರು ಅದನ್ನು ಒಂದು ಸುತ್ತು ಹಾಕುತ್ತಿದ್ದೆವು. ಮನೆಯಲ್ಲಿ ನಮ್ಮ ನಡುವೆ ನಡೆಯುವ ಮಾತು ಗೊತ್ತಲ್ಲ, "ಗ್ಯಾಸು ಬಂತಾ? ಹಾಲು ಒಡೆದದ್ದು ಹೆಂಗೆ?" ಇಷ್ಟೇ. ಕೆರೆ ದಂಡೆಗೆ ಕಾಲಿಟ್ಟ ಕೂಡಲೇ ಅವಳು ಬೇರೆಯೇ ಆಗುತ್ತಿದ್ದಳು. ಓಣಿಯವರನ್ನೆಲ್ಲ ಅಣಕಿಸುವಳು, ನನ್ನನ್ನೂ ಬಿಡದೆ ಅಣಕಿಸುವಳು, ತನ್ನ ಅಣಕಕ್ಕೆ ತಾನೇ ನಕ್ಕು ಕಣ್ಣೊರೆಸಿಕೊಳ್ಳುವಳು. ಆ ನಗು ಮನೆಯೊಳಗೆ ಬರುತ್ತಿರಲಿಲ್ಲ. ಈಗ ಅವಳು ಪಕ್ಕದ ಮನೆಯ ಶಾರದಕ್ಕನ ಜೊತೆ ಹೊರಡುತ್ತಿದ್ದಳು. ನಾನು ಕಿಟಕಿಯಲ್ಲಿ ಕೂತು ಅವರು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತಿದ್ದೆ. ಶಾರದಕ್ಕನ ಮೇಲೆ ನನಗೆ ಬಂದಷ್ಟು ಹೊಟ್ಟೆಕಿಚ್ಚು ಯಾವ ಗಂಡಸಿನ ಮೇಲೂ ಬಂದದ್ದಿಲ್ಲ. ಸಾವಿತ್ರಿಯ ಜೊತೆ ಇನ್ನೊಂದು ಸುತ್ತು ಹಾಕಬೇಕು, ಒಂದೇ ಒಂದು ಸುತ್ತು, ಎಂದು ಜೀವ ಹಂಬಲಿಸುತ್ತಿತ್ತು.

ಕಾಲು ಊರಬಹುದು ಎಂದಾದ ಮೇಲೆ ನಡಿಗೆ ಕಲಿಸಲು ಆಸ್ಪತ್ರೆಯಿಂದ ಗಿರಿಜಾ ಬಂದಳು. ಬನವಾಸಿ ಕಡೆಯ ಹುಡುಗಿ, ನನ್ನದೇ ಹಳೆಯ ವಿದ್ಯಾರ್ಥಿನಿ. "ಗೂನುಬೆನ್ನು!" ಎಂದು ನಾನು ಮೈದಾನದಲ್ಲಿ ಬೈದವಳು. ವಿಧಿ ಎಂದರೆ ಇದೇ ನೋಡಿ! ಅವಳು ತಂದ ಅಲ್ಯೂಮಿನಿಯಮ್ ಕೋಲಿನ ಹಿಡಿ ಕಪ್ಪಗೆ, ಒಂದು ಕಡೆ ಅಗಲ, ಒಂದು ಕಡೆ ತಗ್ಗು, ಬಾಡಿದ ಮಗೆಕಾಯಿ ಸೌತೆಯ ಹಾಗಿತ್ತು.

"ಸರ್, ಚಂದ ನೋಡಬ್ಯಾಡ್ರಿ, ಹಿಡಿದು ನೋಡ್ರಿ," ಎಂದಳು. "ಅಂಗೈ ತುಂಬ ಕುಂದರ್ತೈತಿ. ಭಾರ ಒಂದ ಕಡೆ ಬೀಳಂಗಿಲ್ಲ, ಮಣಿಕಟ್ಟು ನೋಯಂಗಿಲ್ಲ. ನಿಂತಾಗ ಹಿಡಿ ನಿಮ್ಮ ಮಣಿಕಟ್ಟಿನ ಮಟ್ಟಕ್ಕ ಇರಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು. ಆಗ ಬೆನ್ನು ತಾನ ನೆಟ್ಟಗ ನಿಲ್ತೈತಿ. ಮತ್ತ ಎಡಗಾಲು ಮುರಿದೈತಲ್ರಿ, ಕೋಲು ಬಲಗೈಯಾಗ."

"ಎಡಗಾಲಿಗೆ ಎಡಗೈ. ಬಲಗೈ ಇದರೊಳಗೆ ಯಾಕೆ ತಲೆ ಹಾಕಬೇಕು?" ಎಂದು ತರ್ಕಶಾಸ್ತ್ರದ ಸಮಸ್ತ ಬಲದಿಂದ ವಾದಿಸಿದೆ. ಅವಳು ನಕ್ಕು ಹೋದಳು. ಮಗೆಕಾಯಿ ಬಾಗಿಲ ಹಿಂದೆ ಸೇರಿತು. ಊರೆಲ್ಲ ನಮಸ್ಕಾರ ಮಾಡುವ ಮಾಸ್ತರು ಅಂಥದನ್ನು ಹಿಡಿದು ಹೆಂಡತಿಯ ಪಕ್ಕ ನಡೆಯುವುದೇ? ಛೆ!

ಸಿದ್ದಾಪುರ ರಸ್ತೆಯಲ್ಲಿ ಮರ ಕೆತ್ತುವ ಗುಡಿಗಾರರ ನಾಗಪ್ಪನಿಗೆ ಹೇಳಿಕಳಿಸಿದೆ. ಶಿವಣೆ ಮರದ ಕೋಲು ಬೇಕು, ಹಿಡಿಯ ಜಾಗದಲ್ಲಿ ಗಂಭೀರವಾದ ಒಂದು ಆನೆಯ ತಲೆ ಇರಬೇಕು ಎಂದೆ. ಅವನು ಅಳತೆಪಟ್ಟಿ ಬಿಚ್ಚಿದಾಗ ನಾನು ಗೋಡೆ ಹಿಡಿದು ಎದ್ದು ಅಟೆನ್ಶನ್‌ನಲ್ಲಿ ನಿಂತೆ. ಎದೆ ಮುಂದೆ, ಹೆಗಲು ಕಿವಿಯ ತನಕ!

"ಉದ್ದ ಜಾಸ್ತಿ ಆಗ್ತದೆ ಮಾಸ್ತರ್ರೆ," ಎಂದ.

"ಗತ್ತು ಇರಲಿ. ನೀನು ಬರೆದುಕೋ."

"ಆಯ್ತು. ಆನೆಗೆ ಜೀವ ತುಂಬ್ತೀನಿ, ನೋಡ್ತಾ ಇರಿ."

ಜೀವ ತುಂಬಿದ. ತುಸು ಹೆಚ್ಚೇ ತುಂಬಿದ! ಬಟ್ಟೆ ಬಿಚ್ಚಿ ನೋಡಿದರೆ ಆನೆಯ ತಲೆಗೆ ಕಿರೀಟ. ಹಣೆಗೆ ಮೂರು ಗೆರೆ. ಒಂದು ದಂತ ಗಿಡ್ಡ. ಸೊಂಡಿಲ ತುದಿಯಲ್ಲಿ ಮೋದಕ!

"ನಾಗಪ್ಪಾ, ನಾನು ಹೇಳಿದ್ದು ಆನೆ!"

"ಆನೆ ಅಂತಲೇ ಕೂತೆ ಮಾಸ್ತರ್ರೆ. ಕೈ ತಾನಾಗೇ ಆ ಕಡೆ ಹೋಯ್ತು. ತಲೆತಲಾಂತರದ ಕೈ, ನಾನೆಂತ ಮಾಡ್ಲಿ?" ಎಂದು ತನ್ನ ಕೆಲಸಕ್ಕೆ ತಾನೇ ಕೈಮುಗಿದ.

ಸಾವಿತ್ರಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವಳು ನೋಡಿದ ಕೂಡಲೇ ಕೆನ್ನೆ ತಟ್ಟಿಕೊಂಡಳು. "ಅಯ್ಯೋ ದೇವ್ರೇ! ನಿಂಗ ಗಣಪತಿ ತಲೆ ಅಮುಕಿ ಹಿಡ್ಕಂಡು ನಡಿತ್ರಾ? ಸಗಣಿ, ಕೆಸರು ಎಲ್ಲದ್ರ ಮೇಲೂ ಊರ್ತ್ರಾ? ಬಚ್ಚಲಿಗೂ ತಗಂಡು ಹೋಗ್ತ್ರಾ?"

ಅವಳು ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಒಯ್ದು ದೇವರ ಕೋಣೆಯ ಮೂಲೆಗೆ ನಿಲ್ಲಿಸಿ ಕುಂಕುಮ ಹಚ್ಚಿದಳು. ಶಾರದಕ್ಕ ಗರಿಕೆ ತಂದಳು. ಓಣಿಯವರು ಬಂದು ನೋಡಿ, "ಚಂದದ ಗಣಪತಿ. ಉದ್ದ ಸ್ವಲ್ಪ ಹೆಚ್ಚಾತು," ಎಂದರು. ನನ್ನ ಊರುಗೋಲಿಗೆ ದಿನವೂ ನೈವೇದ್ಯವಾಗುತ್ತಿತ್ತು, ನಾನು ಗೋಡೆ ಹಿಡಿದು ತೆವಳುತ್ತಿದ್ದೆ.

ಒಂದು ಸಂಜೆ ತಡೆಯಲಾಗಲಿಲ್ಲ. ಅವರಿಬ್ಬರೂ ಆಗಷ್ಟೇ ಹೊರಟಿದ್ದರು. ತಿರುವಿನ ಆಚೆಯಿಂದ ಸಾವಿತ್ರಿಯ ನಗು ಕೇಳಿಸಿತು, ಅದೇ ಕೆರೆ ದಂಡೆಯ ನಗು. ದೇವರ ಕೋಣೆಗೆ ಹೋಗಿ, "ಗಣಪಾ, ಒಂದೇ ಸುತ್ತು, ಸಿಟ್ಟು ಮಾಡ್ಕೋಬೇಡ," ಎಂದು ಬೇಡಿ ಕೋಲನ್ನು ಎತ್ತಿಕೊಂಡೆ. ಎಡಗೈಯಲ್ಲೇ!

ಅಂಗಳ ದಾಟುವುದರಲ್ಲಿ ಗಿರಿಜಾಳ ಒಂದೊಂದು ಮಾತೂ ಬಂದು ಮುಖಕ್ಕೆ ಬಡಿಯಿತು. ಕೋಲು ಉದ್ದವಾದ್ದರಿಂದ ಹೆಗಲು ಕಿವಿಗೆ ತಾಗಿ ಬೆನ್ನು ಬಿಲ್ಲಾಯಿತು. ಮೋದಕ ಅಂಗೈಗೆ ಚುಚ್ಚಿತು, ಕಿರೀಟ ಹೆಬ್ಬೆರಳಿನ ಚರ್ಮ ಸುಲಿಯಿತು. ಕೋಲೂ ಕೆಟ್ಟಕಾಲೂ ಒಂದೇ ಕಡೆ ಸೇರಿದ್ದರಿಂದ ಮೈಯ ಭಾರವೆಲ್ಲ ಎಡಕ್ಕೇ ವಾಲಿತು. ಬುಡಕ್ಕೆ ರಬ್ಬರು ಬೇರೆ ಇಲ್ಲ. ಗೇಟಿನ ಹತ್ತಿರದ ಹಾಸುಗಲ್ಲಿನ ಮೇಲೆ ಕೋಲು ಸರ್ರನೆ ಜಾರಿತು. ನಾನು ದಾಸವಾಳದ ಬೇಲಿಯೊಳಗೆ ಬಿದ್ದೆ. ಗಣಪತಿ ಕಲ್ಲಿನ ಮೇಲೆ ಬಿದ್ದ. ಸೊಂಡಿಲು ಮುರಿಯಿತು!

ಸದ್ದು ಕೇಳಿ ಸಾವಿತ್ರಿ ಓಡಿ ಬಂದಳು. ಮೊದಲು ನನ್ನ ಕಾಲು ಮುಟ್ಟಿ ನೋಡಿದಳು, ತಲೆ ಮುಟ್ಟಿ ನೋಡಿದಳು. ಮೂಳೆಗಳೆಲ್ಲ ನೆಟ್ಟಗಿವೆ ಎಂದು ಖಾತ್ರಿಯಾದ ಮೇಲೆ ಬೈಯಲು ಸುರು ಮಾಡಿದಳು. "ಎಲ್ಲಿಗೆ ಹೊರಟಿದ್ರಿ? ಯಾರು ಕರೆದಿದ್ರು?"

"ಯಾರೂ ಕರೆದಿದ್ದಿಲ್ಲೆ. ನಿನ್ನ ಜೊತಿಗೆ ಕೆರೆಗೆ ಬರವು ಅನಿಸ್ತು," ಎಂದೆ.

ಅವಳು ನನ್ನ ತಲೆಗೆ ಅಂಟಿದ್ದ ದಾಸವಾಳದ ಎಲೆ ತೆಗೆಯುತ್ತಾ, "ಅದ್ಕೆ ಗಣಪತಿ ಸೊಂಡ್ಲು ಮುರಿಯವಾ?" ಎಂದು ಮೆಲ್ಲಗೆ ಕೇಳಿದಳು.

ಪೂಜೆಗೊಂಡ ಮೂರ್ತಿ ಮುರಿದರೆ ಮನೆಯಲ್ಲಿ ಇಡುವಂತಿಲ್ಲ, ನೀರಿಗೆ ಬಿಡಬೇಕು. ಸಾವಿತ್ರಿ ತೀರ್ಪು ಕೊಟ್ಟಳು: "ಮುರಿದವ್ರೇ ಬಂದು ನೀರಿಗೆ ಬಿಡವು. ಗಿರಿಜ ಹೇಳ್ದಂಗೆ ನಡಿಯಲೆ ಕಲೀರಿ. ಅಲ್ಲಿವರೆಗೆ ಗಣಪತಿ ಕಾಯ್ತ."

ಹೀಗೆ ಒಂದು ಊರುಗೋಲನ್ನು ಮುಳುಗಿಸಲು ಇನ್ನೊಂದು ಊರುಗೋಲು ಹಿಡಿಯಬೇಕಾಯಿತು! ಬಾಗಿಲ ಹಿಂದಿನ ಮಗೆಕಾಯಿ ಹೊರಗೆ ಬಂತು. ಗಿರಿಜಾ ಅಂಗಳದ ನಡುವೆ ನಿಂತು, "ಬೆನ್ನು ನೆಟ್ಟಗ ಸರ್! ಹೆಗಲು ಕೆಳಗ! ನೆಲ ನೋಡಬ್ಯಾಡ್ರಿ, ಮುಂದ ನೋಡ್ರಿ!" ಎಂದು ಕೂಗುವಾಗ ಓಣಿಯ ಮಕ್ಕಳೆಲ್ಲ ಬೇಲಿಯ ಮೇಲೆ. ಮಾನ ಹೋಯಿತು, ಆದರೆ ನಡಿಗೆ ಬಂತು. ಆ ಕುರೂಪಿ ಹಿಡಿ ಅಂಗೈಯೊಳಗೆ ಹಳೆಯ ಸ್ನೇಹಿತ ಕೈ ಹಿಡಿದ ಹಾಗೆ ಕೂರುತ್ತಿತ್ತು. ಬಲಗೈ ಭಾರ ಹೊತ್ತರೆ ಎಡಗಾಲು ಹಗುರಾಗುತ್ತದೆ ಎಂಬುದು ನನ್ನ ತರ್ಕಶಾಸ್ತ್ರದಲ್ಲಿ ಇರಲಿಲ್ಲ. ಕಾಲಿಗೆ ಗೊತ್ತಿತ್ತು.

ಕೊನೆಗೂ ಆ ಸಂಜೆ ಬಂತು. ಮುಂದೆ ಸಾವಿತ್ರಿ, ಕೈಯಲ್ಲಿ ನೆಟ್ಟಗೆ ಹಿಡಿದ ಗಣಪತಿ. ಜೊತೆಗೆ ಶಾರದಕ್ಕ, ಕೈಯಲ್ಲಿ ಕಾಯಿ. ಹಿಂದೆ ನಾನು, ಕೈಯಲ್ಲಿ ಮಗೆಕಾಯಿ. ವಿಸರ್ಜನೆ ಮುಗಿದರೆ ಶಾರದಕ್ಕ ಅನ್ನಕ್ಕಿಡಲು ಮನೆಗೆ ಹೋಗುತ್ತಾಳೆ, ಆಮೇಲೆ ನಾವಿಬ್ಬರೇ, ಒಂದು ಸುತ್ತು! ಎದೆ ಡವಗುಟ್ಟುತ್ತಿತ್ತು, ಮದುವೆಯ ಹೊಸತರಲ್ಲೂ ಹಾಗೆ ಆಗಿರಲಿಲ್ಲ.

ಮೆಟ್ಟಿಲ ಮೇಲೆ ಕೂತು ಕೋಲನ್ನು ನೀರಿಗೆ ಬಿಟ್ಟೆ. "ಪುನರಾಗಮನಾಯ ಚ," ಎಂದಳು ಸಾವಿತ್ರಿ, ಮತ್ತೆ ಬಾ ದೇವರೇ ಎಂದು. ದೇವರು ಕೂಡಲೇ ಬಂದ! ಶಿವಣೆ ಹಗುರ ಮರ, ಮುಳುಗುವುದೆಲ್ಲಿ? ತೇಲಿ ಬಂದು ನನ್ನ ಕಾಲಿಗೇ ತಾಗಿದ. ಮತ್ತೆ ತಳ್ಳಿದೆ, ಮತ್ತೆ ಬಂದ. ಅಷ್ಟರಲ್ಲಿ ಗಾಳಿ ತಿರುಗಿ ಕೋಲು ದಂಡೆಯ ಗುಂಟ ಹೊರಟಿತು.

"ಅಯ್ಯೋ, ಆ ಕಡೆ ಎಮ್ಮೆ ಇಳಿತ! ತುಳದ್ರೆ ಎಂತ ಗತಿ? ನಿಂಗಳ ಕೋಲು ಕೊಡಿ ಇಲ್ಲಿ!" ಎಂದವಳೇ ನನ್ನ ಕೈಯಿಂದ ಮಗೆಕಾಯಿ ಕಿತ್ತುಕೊಂಡು ಓಡಿದಳು. ದಡಕ್ಕೆ ಬಂದ ಗಣಪತಿಯನ್ನು ಅದರಿಂದ ಒಳಗೆ ತಳ್ಳುವುದು, ಅವನು ಮುಂದೆ ತೇಲುವುದು, ಅವಳು ಹಿಂದೆ ನಡೆಯುವುದು. ಶಾರದಕ್ಕನೂ ಅನ್ನ ಮರೆತು ಸೆರಗು ಸಿಕ್ಕಿಸಿ ಜೊತೆಗೆ ಹೊರಟಳು. ನೋಡುತ್ತಿದ್ದ ಹಾಗೆ ಗಣಪತಿಯೂ ಸೇರಿ ಮೂವರೂ ಕೆರೆಯ ಅರ್ಧ ಸುತ್ತು ದಾಟಿದರು. ನೀರಿನ ಮೇಲಿಂದ ಸಾವಿತ್ರಿಯ ನಗು ತೇಲಿ ಬರುತ್ತಿತ್ತು. ನಾನು ಅದಕ್ಕಾಗಿ ಇಷ್ಟು ದಿನ ಹಂಬಲಿಸಿದ್ದೆ, ಈಗಲೂ ಅದು ಆಚೆ ದಡದಲ್ಲೇ ಇತ್ತು.

ಆಚೆ ದಡದಿಂದಲೇ ಕೂಗಿದಳು: "ಹೋಯ್! ಒಬ್ರಿಗೇ ಬೇಜಾರು ಬಂತಾ?"

"ಇಲ್ಲೆ ಮಾರಾಯ್ತಿ, ನಿಧಾನಕ್ಕೆ ಬಾ," ಎಂದೆ.

ಇನ್ನೇನು ಹೇಳಲಿ? ಎದ್ದು ಹೋಗಿ ಸೇರಿಕೊಳ್ಳೋಣವೆಂದರೆ ನನ್ನ ಎರಡು ಕೋಲುಗಳೂ ನನ್ನ ಹೆಂಡತಿಯ ಜೊತೆ ಕೆರೆ ಸುತ್ತಲು ಹೋಗಿದ್ದವು!